ಪಿಯಾನೊ ಇಲ್ಲದ ಆಲ್ಬಮ್

ಹಾಲಿನ ಸೊಸೈಟಿಗಳ ಮೆಷಿನ್ ರಿಪೇರಿ ನನ್ನ ಕೆಲಸ. ಒಮ್ಮೆ ಪಂಜ ಎಂಬ ಊರಿಗೆ ಹೋಗುವಾಗ, ಬಸ್ಸು ತಪ್ಪಿ ನಿಂತಿದ್ದ ಹಿರಿಯರೊಬ್ಬರನ್ನು ಕಾರಿಗೆ ಹತ್ತಿಸಿಕೊಂಡೆ. ಕಾರಿನಲ್ಲಿ ಜಾಜ್ ಹಾಕಿದ್ದೆ. ಅವರಿಗೆ ಕಿರಿಕಿರಿಯಾದೀತೆಂದು ನಿಲ್ಲಿಸಹೊರಟೆ.

“ಇರಲಿ ಮಾರಾಯ್ರೆ. ಇದನ್ನು ನುಡಿಸುವವನ ಮೊದಲಿನ ಆಲ್ಬಮ್ ಕೇಳಿದ್ದೀರಾ? ಅದರಲ್ಲಿ ಪಿಯಾನೊವೇ ಇಲ್ಲ. ಬರೀ ಸ್ಯಾಕ್ಸೊಫೋನು, ಡ್ರಮ್ಮು” ಎಂದರು.

ಹೆಸರು ಇಬ್ರಾಹಿಂ. ದುಬೈಯ ಹೋಟೆಲಿನಲ್ಲಿ ಅಡುಗೆಗಿದ್ದಾಗ ಪಕ್ಕದ ಸಭಾಂಗಣದಲ್ಲಿ ದಿನಾ ಜಾಜ್ ನುಡಿಸುತ್ತಿದ್ದರಂತೆ. ಊರಿಗೆ ಬಂದ ಮೇಲೆ ಅದರ ಬಗ್ಗೆ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲವಂತೆ.

ಮನೆಯ ಗೇಟು ಬಂದರೂ ಅವರು ಇಳಿಯಲಿಲ್ಲ. ನನ್ನ ಮೊಬೈಲಿನಲ್ಲೇ ಆ ಆಲ್ಬಮ್ ಹುಡುಕಿಸಿ ಹಾಕಿಸಿದರು. ಅವರ ಹೆಂಡತಿ ಹೊರಗೆ ಬಂದು ಕಿಟಕಿಯಲ್ಲಿ ಬಗ್ಗಿ, ನನಗೂ ಅರ್ಥವಾಗಲೆಂದು ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು: “ಎಂತ, ಇವರಿಗೂ ಅದನ್ನೇ ಕೇಳಿಸುದಾ? ಪಾಪ, ಬಿಡಿ ಅವರನ್ನು.”

“ಇನ್ನು ಸ್ವಲ್ಪ ಉಂಟು” ಎಂದರು ಇಬ್ರಾಹಿಂ, ಕಣ್ಣು ಮುಚ್ಚಿಕೊಂಡೇ.

ಮುಗಿದ ಮೇಲೆ, “ಹೇಗುಂಟು?” ಎಂದು ಕೇಳಿದರು. ನನಗೆ ಅಷ್ಟೇನೂ ಹಿಡಿಸಲಿಲ್ಲ ಎಂದೆ.

ಅವರ ಮುಖ ಅರಳಿತು. “ಹಾಗಾದರೆ ನಮಗೆ ಜಗಳ ಮಾಡ್ಲಿಕ್ಕೆ ಉಂಟು. ಒಳಗೆ ಬನ್ನಿ!”

ಚೆನ್ನಾಗಿದೆ ಎಂದಿದ್ದರೆ ಆಗಲೇ ಹೊರಡಬಹುದಿತ್ತು. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು.