ಹೆಗಲ ಮೇಲೆ ಹಾಕಿ ಸ್ಟಿಕ್ಕು

ನನ್ನ ಮೊಮ್ಮಗಳು ಹುಮನಾಬಾದಿನಲ್ಲಿ ಹಾಕಿ ಕೋಚ್ ಆದಳು. ನಮ್ಮೂರು ಬಸವಕಲ್ಯಾಣದಲ್ಲಿ ಬಸ್ಸಿಳಿದ ಕೂಡಲೇ ಈ ಮಾತನ್ನು ಕಂಡಕ್ಟರನಿಗೆ ಹೇಳಿದೆ, ಬಾಳೆಹಣ್ಣು ಮಾರುವವಳಿಗೆ ಹೇಳಿದೆ, ಗುರುತೇ ಇಲ್ಲದ ಒಬ್ಬ ಪೊಲೀಸನಿಗೂ ಹೇಳಿದೆ. ಅವನು, “ಛಲೋ ಆತು ಬಿಡ್ರಿ ಅವ್ವಾ, ಈಗ ಬಸ್ಸಿನ ದಾರಿ ಬಿಡ್ರಿ” ಅಂದ. ನಾನು ಓದಿದ್ದು ಮೂರನೇ ತರಗತಿ. ಬರೆಯಲು ಕೂತರೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ, ಖುಷಿಯಾದಾಗಂತೂ ಕೇಳಲೇಬೇಡಿ.

ಇವಳು ದೇಶದ ಪರವಾಗಿ ಹೊರದೇಶಗಳಲ್ಲಿ ಆಡಿ ಬಂದವಳು. ಹೋದ ವರ್ಷ ಮೊಣಕಾಲು ಕೆಟ್ಟಿತು. ಇನ್ನು ಆಡಬೇಡ ಎಂದರು ಡಾಕ್ಟರು. ಸ್ಟಿಕ್ಕು ಮಂಚದ ಕೆಳಗೆ ಸೇರಿತು, ಹುಡುಗಿ ಮಂಚದ ಮೇಲೆ. ಅಷ್ಟರಲ್ಲಿ ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಕೋಚ್ ಬೇಕೆಂದು ತಿಳಿಯಿತು. ಪರೀಕ್ಷೆ ಇಷ್ಟೇ: ಹಾಸ್ಟೆಲಿನ ಮೇಡಂ ಎದುರಿಗೆ ಒಂದು ತಾಸು ಹುಡುಗಿಯರಿಗೆ ಆಟ ಕಲಿಸಿ ತೋರಿಸಬೇಕು. ಇವಳು ಮತ್ತೆ ಮೈದಾನ ಮೆಟ್ಟಲು ಉಳಿದಿದ್ದ ದಾರಿ ಅದೊಂದೇ.

ರೂಢಿಯಾಗಲೆಂದು ನಮ್ಮ ಓಣಿಯ ಹುಡುಗಿಯರನ್ನು ಕರೆದು ಕಲಿಸಲು ನಿಂತಳು. “ಹೀಂಗ ಹಿಡೀಬೇಕು” ಅಂದಳು, ಬಾಲು ಕಸಿದಳು, ಒಬ್ಬಳೇ ಓಡಿ ಗೋಲು ಹೊಡೆದಳು. ಮತ್ತೆ ಅದೇ. ಓಣಿಯ ಹುಡುಗಿಯರು ಕೂತು ಚಪ್ಪಾಳೆ ತಟ್ಟಿದರು. ಸಂಜೆಗೆ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಬಿಸಿನೀರಿನ ಬಟ್ಟೆ ಇಡುತ್ತಿದ್ದ ಅವಳ ಮುತ್ಯಾ, ಅಂದರೆ ನಮ್ಮ ಯಜಮಾನರು, ಅಂದರು, “ಕುರಿ ಕಾಯವನೇ ಹುಲ್ಲು ಮೇಯಾಕತ್ತರ, ಕುರಿ ಏನು ತಿನ್ನಬೇಕವ್ವ?”

ಆಗ ನನಗೆ ಹೊಳೆಯಿತು. ನಾವು ಕುರಿ ಮೇಯಿಸುವಾಗ ಬಡಿಗೆಯನ್ನು ಕತ್ತಿನ ಹಿಂದೆ ಹೆಗಲ ಮೇಲೆ ಅಡ್ಡವಿಟ್ಟು, ಎರಡೂ ಕೈ ಅದರ ಮೇಲೆ ಜೋತುಬಿಟ್ಟು ನಿಲ್ಲುತ್ತೇವೆ. ಅವಳ ಸ್ಟಿಕ್ಕನ್ನು ಹಾಗೇ ಇಡಿಸಿದೆ.

“ಈಗ ಕೈ ಕೆಳಗ ಬರಾಂಗಿಲ್ಲ. ಬಾಯಿ ಅಷ್ಟ ನಡಸು.”

“ಆಯಿ, ಇದು ಹಾಕಿ ಅದ, ಕುರಿ ಅಲ್ಲ.”

“ಎಲ್ಲಾ ಒಂದೇ. ಓಡೋದು ಅವು, ನಿಂದ್ರೋದು ನಾವು.”

ಪರೀಕ್ಷೆಯ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾನೂ ಅವಳ ಜೊತೆ ಹುಮನಾಬಾದಿಗೆ ಹೋದೆ. ಹಾಸ್ಟೆಲಿನ ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ನನ್ನ ಮೊಮ್ಮಗಳು ಮೈದಾನದ ನಡುವೆ ಬಾಲು ಇಟ್ಟು, ಸ್ಟಿಕ್ಕು ಹೆಗಲಿಗೇರಿಸಿ, ಕೈ ಜೋತುಬಿಟ್ಟು ನಿಂತಳು. ಶಿಸ್ತಿನ ಮಕ್ಕಳು ನೋಡಿ, ಕೋಚ್ ಮಾಡಿದ್ದನ್ನೇ ಮಾಡಬೇಕೆಂದುಕೊಂಡರು. ಹನ್ನೆರಡೂ ಸ್ಟಿಕ್ಕು ಹನ್ನೆರಡು ಹೆಗಲೇರಿದವು.

“ಹೂಂ, ಆಡ್ರಿ” ಅಂದಳು ಇವಳು.

“ಹ್ಯಾಂಗ ಆಡೂಣ್ರಿ ಟೀಚರ್, ಕೈ ಮ್ಯಾಲ ಅವ” ಅಂದಳು ಒಬ್ಬಳು.

ಇನ್ನೊಬ್ಬಳು ಕಾಲಿನಿಂದ ಒದೆಯಲು ಹೋಗಿ ಧೊಪ್ಪನೆ ಕೂತಳು. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮೊಮ್ಮಗಳ ಕೈ ಮೆಲ್ಲಗೆ ಕೆಳಗೆ ಜಾರತೊಡಗಿತು. ಜಾರಿದರೆ ಬಾಲು ಇವಳದೇ, ಕೆಲಸ ಇನ್ನೊಬ್ಬರದು. ನನಗೆ ಕೂರಲಾಗಲಿಲ್ಲ. ಸುಮ್ಮನಿರುತ್ತೇನೆಂದು ಬಸ್ಸಿನಲ್ಲಿ ಮಾತು ಕೊಟ್ಟಿದ್ದವಳು, ಹಿಂಡು ತಿರುಗಿಸುವಾಗ ಕೂಗುವಂತೆ “ಹುರ್ರ್ರ್, ಹೋ ಹೋ” ಎಂದು ಕೂಗಿಬಿಟ್ಟೆ. ಹುಡುಗಿಯರು ಬೆಚ್ಚಿ ಒಂದೇ ಗುಂಪಾಗಿ ಎಡಕ್ಕೆ ಸರಿದರು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ.

“ನಾ ಆಡಬಾರದಂತ ನನ್ನ ಕೈ ಮ್ಯಾಲ ಇಟ್ಟೀನಿ” ಅಂದಳು. “ಆಡೋರು ನೀವು. ನಿಮ್ಮವು ಇಳಸ್ರಿ.”

ಆಮೇಲೆ ಆಟ ಹತ್ತಿತು. ಬಾಲು ಎರಡು ಸಲ ಇವಳ ಕಾಲ ಹತ್ತಿರವೇ ಉರುಳಿ ಬಂತು. ಹೆಗಲು ಕುಣಿದವು, ಕೈ ಇಳಿಯಲಿಲ್ಲ. “ಎಡಕ್ಕ ನೋಡು, ನಿನ್ನ ಗೆಳತಿ ಖಾಲಿ ನಿಂತಾಳ, ಆಕಿಗೆ ಕೊಡು” ಎಂದು ಬರೀ ಬಾಯಿಯಿಂದಲೇ ಆಡಿಸಿದಳು. ಅಲ್ಲಿಯವರೆಗೆ ಬಾಲು ಮುಟ್ಟಿಯೇ ಇರದ ಒಬ್ಬ ಗಿಡ್ಡ ಹುಡುಗಿ ಗೋಲು ಹೊಡೆದಾಗ, ನನ್ನ ಕೋಚಮ್ಮ ಹೊಲದ ಬೆದರುಬೊಂಬೆ ಹಾಗೆ ಕೈ ಚಾಚಿಕೊಂಡೇ ಕುಣಿದಳು.

ತಾಸು ಮುಗಿದ ಮೇಲೆ ಮೇಡಂ ಕೇಳಿದರು, “ಸ್ಟಿಕ್ಕು ಹಂಗ್ಯಾಕ ಇಟ್ಟಿದ್ದಿ?”

“ಕೆಳಗ ಬಂದ್ರ ನಾನೇ ಆಡತೀನ್ರಿ. ನಮ್ಮ ಆಯಿ ಕಲ್ಸಿದ್ದು.”

ಮೇಡಂ ನನ್ನ ಕಡೆ ತಿರುಗಿದರು. “ಅವ್ವಾ, ನೀವೂ ಹಾಕಿ ಆಡೀರೇನು?”

“ಇಲ್ರಿ, ಕುರಿ ಕಾಯ್ದೀನಿ. ಅವು ಇವರಗಿಂತ ಲಗೂನ ಮಾತು ಕೇಳತಾವ.”

ಮೇಡಂ ಪುಸ್ತಕ ಮುಚ್ಚಿ ನಕ್ಕರು. “ನಿನಗಿಂತ ಮೊದಲ ಬಂದ ಆಟಗಾರ್ತಿ ಹುಡುಗ್ಯಾರಿಗೆ ಬಾಲೇ ಕೊಡಲಿಲ್ಲ ನೋಡು. ನೀ ಸೋಮವಾರದಿಂದ ಬಾ.”

ಸಂಜೆ ಮನೆಯಲ್ಲಿ ಹೋಳಿಗೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತರು. ತುಪ್ಪದ ಬಟ್ಟಲು ಮುತ್ಯಾನ ಮುಂದೆ ಹೋಗಿ ನಿಂತುಬಿಟ್ಟಿತು.

“ಮುತ್ಯಾ, ಎಷ್ಟೊತ್ತು ನಿನ್ನ ಹತ್ರನೇ ಇಟ್ಕೋತಿ, ಪಾಸ್ ಕೊಡು” ಅಂದಳು ಕೋಚ್.

“ತಡಿಯವ್ವ, ನಂದೊಂದು ಗೋಲು ಆಗಲಿ” ಎಂದು ಅವರು ಇನ್ನೊಂದು ಚಮಚ ಸುರಿದುಕೊಂಡರು. ಬಟ್ಟಲು ಕೈಯಿಂದ ಕೈಗೆ ಸಾಗಿ ಅವಳ ಹತ್ತಿರ ಬಂತು. ತಿಂಗಳುಗಟ್ಟಲೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದ ಹುಡುಗಿ, ಕಾಲು ಚಾಚಿ ಕೂತು ನಾಲ್ಕು ಹೋಳಿಗೆ ತಿಂದು, ಐದನೆಯದಕ್ಕೆ ತಾಟು ಮುಂದೆ ಸರಿಸಿದಳು. ನಾನು ಎರಡು ಬಡಿಸಿದೆ.