ನ್ಯಾಯಾಧೀಶರಿಗೆಂದು ಇಟ್ಟಿದ್ದ ಪುಟ

ಭಾವನನ್ನು ನಾನು ನೇರವಾಗಿ ಕೇಳಿಬಿಟ್ಟ ದಿನ ಮರಳುಗಾಳಿ ಬೀಸುತ್ತಿತ್ತು ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ಕುವೈತಿನಲ್ಲಿ ಮುಖ್ಯವಾದದ್ದೆಲ್ಲ ನಡೆಯುವುದು ಮರಳುಗಾಳಿಯಲ್ಲೇ, ಆದ್ದರಿಂದ ಗಾಳಿಯನ್ನು ನಂಬಬೇಡಿ. ಅಕ್ಕ ತೀರಿಕೊಂಡ ಮರುವರ್ಷ ಎನ್ನುವುದು ಮಾತ್ರ ಖಚಿತ.

ಭಾವ ಜಾಬ್ರಿಯಾದ ಮನೆ ಖಾಲಿ ಮಾಡಿ, ಜಹ್ರಾದಲ್ಲಿ ಕೆಲಸದ ಹತ್ತಿರವೇ ಒಂದು ರೂಮು ಹಿಡಿದಿದ್ದರು. ಮಗಳನ್ನು "ಪರೀಕ್ಷೆ ಮುಗಿಯೋವರೆಗೆ" ಎಂದು ಫಿಂಟಾಸ್‌ನ ನಮ್ಮ ಫ್ಲ್ಯಾಟಿನಲ್ಲಿ ಬಿಟ್ಟಿದ್ದರು. ಯಾವ ಪರೀಕ್ಷೆ ಎಂದು ಹೇಳಿರಲಿಲ್ಲ. ಪ್ರತಿ ಶುಕ್ರವಾರ ಒಂದು ಡಬ್ಬಿ ಖರ್ಜೂರ ಹಿಡಿದು ಊಟಕ್ಕೆ ಬರುತ್ತಿದ್ದರು. ಗ್ಯಾರೇಜಿಗೆ ಬಿಟ್ಟ ಕಾರನ್ನು ನೋಡುವ ಹಾಗೆ ಅವಳನ್ನೊಮ್ಮೆ ನೋಡಿ ಹೋಗುತ್ತಿದ್ದರು.

ಅವಳ ಹತ್ತನೇ ತರಗತಿ ಮುಗಿಯುತ್ತ ಬಂತು. ಮುಂದೆ ಇಲ್ಲೇ ಓದುತ್ತಾಳೋ, ಮೈಸೂರಿನ ಹಾಸ್ಟೆಲಿಗೆ ಹೋಗುತ್ತಾಳೋ ಎಂದು ಶಾಲೆಯವರು ಕೇಳಿದರು. ನನ್ನ ಗಂಡ, "ನಿಮ್ಮ ಭಾವನ್ನ ಕೇಳು" ಎಂದರು. ಭಾವ, "ನಿಮ್ಮನೆಯವರು ಹೇಗೆ ಹೇಳ್ತಾರೋ ಹಾಗೆ ಕಣಮ್ಮ" ಎಂದರು. ಇಬ್ಬರೂ ಇಂಜಿನಿಯರುಗಳು. ಅವರು ಕಟ್ಟಿದ ಸೇತುವೆಗಳು ಇನ್ನೂ ನಿಂತಿರುವುದು ನನಗೆ ಅಚ್ಚರಿ.

ಓದಿದವಳಲ್ಲವೇ, ನಾನು ಇಂಟರ್ನೆಟ್ಟಿಗೆ ಹೋದೆ. ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ಓದಿಗೆಂದೇ ಅಮೆರಿಕದವರು ಮಾಡಿದ್ದ ಒಂದು ವೆಬ್‌ಸೈಟ್ ಸಿಕ್ಕಿತು. ಬಾಗಿಲಲ್ಲೇ ಪ್ರಶ್ನೆ: ನೀವು ಯಾರು? ಸಾಕುತಂದೆ-ತಾಯಿಯೇ, ಶಿಕ್ಷಕರೇ, ಸಮಾಜ ಕಾರ್ಯಕರ್ತರೇ, ನ್ಯಾಯಾಧೀಶರೇ, ಇಲ್ಲ ಸ್ವತಃ ಮಗುವೇ? ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ. ಚಿಕ್ಕಮ್ಮನಿಗೆ ಪುಟವಿರಲಿಲ್ಲ. ನಮ್ಮಲ್ಲಿ ಯಾರೂ ಯಾರ ಮಕ್ಕಳನ್ನೂ ಸಾಕುವುದಿಲ್ಲ, ಮಕ್ಕಳು ಸುಮ್ಮನೆ "ನಮ್ಮನೇಲಿ ಇರ್ತಾರೆ." ವರ್ಷಗಟ್ಟಲೆ ಇದ್ದರೂ ಅದು ಬರೀ ಇರುವುದೇ. ಸಾಕುತಾಯಿ ಎಂದು ಬಾಯಿಬಿಟ್ಟು ಹೇಳಿಕೊಂಡರೆ ಸತ್ತ ಅಕ್ಕನಿಗೆ ಅವಮಾನ.

ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಸಾಕುತಾಯಿಯ ಪುಟ ಒತ್ತಿದೆ. ಸಮಾಜ ಕಾರ್ಯಕರ್ತರನ್ನು ಕೇಳಿ ಎಂದಿತು. ಅವರ ಪುಟ, ನ್ಯಾಯಾಲಯವನ್ನು ಕೇಳಿ ಎಂದಿತು. ನಮ್ಮ ಮನೆಯ ಪದ್ಧತಿ ಅಮೆರಿಕದವರೆಗೂ ಹಬ್ಬಿದೆಯೆಂದು ಹೆಮ್ಮೆಯಾಯಿತು. ಬೇರೆ ದಾರಿಯಿಲ್ಲದೆ ನಾನೇ ನ್ಯಾಯಾಧೀಶೆಯಾದೆ. ಆ ಪುಟದಲ್ಲಿ ಏನೇನೋ ಇತ್ತು. ನೆನಪಿರುವುದು ಒಂದೇ ಮಾತು. ಎಲ್ಲಿರಲು ಇಷ್ಟ ಎಂದು ಮೊದಲು ಮಗುವನ್ನೇ ಕೇಳಿ.

ಕೇಳಿದೆ. ಅವಳು ಫೋನಿನಿಂದ ತಲೆಯೆತ್ತಲಿಲ್ಲ.

"ಐ ಡೋಂಟ್ ನೋ, ಚಿಕ್ಕಮ್ಮ. ಅಪ್ಪ ಏನ್ ಹೇಳಿದ್ರು?"

"ಅಪ್ಪಂದು ಬಿಡೇ. ನಿಂಗೇನಿಷ್ಟ?"

"ಫಸ್ಟ್ ಅಪ್ಪನ್ನ ಕೇಳಿ. ನಾನಿಲ್ಲಿ ಇರೋದು ಅವ್ರಿಗೆ ಬೇಕಾ ಅಂತ."

ನ್ಯಾಯಾಧೀಶರ ಪುಟದಲ್ಲಿ ಇದಕ್ಕೆ ಏನೂ ಹೇಳಿರಲಿಲ್ಲ.

ಶುಕ್ರವಾರ ಭಾವ ಬಂದರು. ಅವಳು ಎದುರಿಗೇ ಕೂತು ಹಪ್ಪಳವನ್ನು ಪುಡಿ ಮಾಡುತ್ತಿದ್ದಳು, ತಿನ್ನುತ್ತಿರಲಿಲ್ಲ. ನಾನು ಅನ್ನ ಬಡಿಸುತ್ತ ಕೇಳಿಯೇಬಿಟ್ಟೆ.

"ಭಾವ, ಮಗಳು ಇಲ್ಲೇ ಇರ್ಲಿ ಅಂತ ನಿಮಗೆ ಆಸೆ ಇದ್ಯಾ, ಇಲ್ವಾ?"

ಹಪ್ಪಳ ಮುರಿಯುವ ಸದ್ದು ನಿಂತಿತು.

"ಸಾರು ಬಹಳ ಚೆನ್ನಾಗಿದೆ," ಎಂದರು ಭಾವ. "ಥೇಟ್ ನಿಮ್ಮಕ್ಕನ ಕೈರುಚಿ ಕಣಮ್ಮ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಾಸ್ಟೆಲಿಗೆ ಸೇರುವ ಕೊನೆಯ ದಿನ ತಾನಾಗಿಯೇ ಕಳೆದುಹೋಯಿತು; ಯಾರೂ ಏನೂ ನಿರ್ಧರಿಸಬೇಕಾಗಲಿಲ್ಲ. ಮುಂದಿನ ಎರಡು ವರ್ಷವೂ ಅವಳು ನಮ್ಮನೇಲಿ ಇದ್ದಳು. ಈಗ ಅವಳು ಇಲ್ಲಿಲ್ಲ, ಓದಲು ಬೇರೆ ದೇಶಕ್ಕೆ ಹೋಗಿದ್ದಾಳೆ. ಭಾವ ಮಾತ್ರ ಖರ್ಜೂರ ತರುವುದನ್ನು ಬಿಟ್ಟಿಲ್ಲ. ಹೋದ ಶುಕ್ರವಾರ ಸಾರು ಬಡಿಸುವ ಮೊದಲೇ, ಹೊಗಳಲು ಏನೂ ಸಿಗದಿರಲಿ ಎಂದು, ಮತ್ತೆ ಕೇಳಿದೆ:

"ಭಾವ, ಅವತ್ತು ಅವಳು ನಿಮಗೆ ಬೇಕಿತ್ತಾ?"