ದಶಮಿಯ ದಿನ ಅಟ್ಲಾಂಟಿಕ್

ಲಿಸ್ಬನ್ನಿನ ಹಾಸ್ಟೆಲ್ಲಿನಿಂದ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಜೊತೆಗಿದ್ದವಳು ಲಲಿತ, ಮೈಸೂರಿನ ಕಾನ್ವೆಂಟಿನಲ್ಲಿ ನನ್ನೊಂದಿಗೆ ಒಂದೇ ಬೆಂಚಿನಲ್ಲಿ ಕೂತವಳು. ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದು ಬಾಡಿಗೆಗಿರುವ ವಿದೇಶಿ ಹುಡುಗಿಯರನ್ನು ನೋಡಿ ನೋಡಿಯೇ ನಮಗೆ ಈ ಬ್ಯಾಕ್‌ಪ್ಯಾಕಿಂಗ್ ಹುಚ್ಚು ಹಿಡಿದದ್ದು. ಎಪ್ಪತ್ತು ದಾಟಿದವರಿಗೆ ಡಾರ್ಮಿಟರಿಯಲ್ಲಿ ಕೆಳಗಿನ ಮಂಚ ಕೊಟ್ಟರು. ಅದು ಬಿಟ್ಟರೆ ವಯಸ್ಸಿಗೆ ಅಲ್ಲಿ ಬೇರೆ ಉಪಚಾರವಿಲ್ಲ. ನಮಗದು ಹಿತವಾಗಿಯೇ ಇತ್ತು.

ಅಂದಿನದು ಕೋಸ್ಟಲ್ ಟೂರ್. ಎಂಟು ಸೀಟಿನ ವ್ಯಾನು, ಡ್ರೈವರೂ ಗೈಡೂ ಆದ ಪೌಲೊ. ನನಗಿದ್ದದ್ದು ಒಂದೇ ಆಸೆ: ಸಮುದ್ರಕ್ಕೆ ಇಳಿಯಬೇಕು. ಕಾರವಾರಕ್ಕೋ ಮಂಗಳೂರಿಗೋ ಹೋದಾಗ ನನ್ನ ಗಂಡ ಕೈ ಹಿಡಿದು ಇಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ಮಂಡಿಯ ಆಪರೇಷನ್ ಆದ ಮೇಲೆ, ನಾನು ನೀರಿಗೆ ಕಾಲಿಟ್ಟಿಲ್ಲ. ಹಿಡಿಯಲು ಒಂದು ಕೈ ಬೇಕು. ಲಲಿತ ಇದ್ದಾಳಲ್ಲ ಎಂದುಕೊಂಡೇ ಬಂದಿದ್ದೆ.

ಮೊದಲು ಬಂಡೆಯ ಅಂಚಿಗೆ ಬಿಳಿ ಮನೆಗಳು ಜೋತುಬಿದ್ದಂತಿದ್ದ ಒಂದು ಊರು. ಆಮೇಲೆ ಕಾಬೊ ದ ರೋಕ, ಯೂರೋಪಿನ ನೆಲ ಪಶ್ಚಿಮಕ್ಕೆ ಮುಗಿಯುವ ಜಾಗ. ಗಾಳಿಗೆ ಲಲಿತಳ ದುಪಟ್ಟ ಪಕ್ಕದ ಜರ್ಮನ್ ಹುಡುಗನ ಮುಖಕ್ಕೆ ಸುತ್ತಿಕೊಂಡಿತು. ಆ ಊರಲ್ಲೂ ಇಲ್ಲೂ ಅಂಚಿಗೆ ಬೇಲಿ, ಇಳಿಯುವಂತಿಲ್ಲ. ಚಾಮುಂಡಿ ಬೆಟ್ಟದಿಂದ ಊರು ನೋಡಿದ ಹಾಗೆ, ಎಷ್ಟೋ ಕೆಳಗೆ ಸಮುದ್ರ.

"ಊಟ ಆದ್ಮೇಲೆ ಬೀಚಲ್ಲಿ ನಿಲ್ಲಿಸ್ತಾನಂತೆ. ಕೈ ಹಿಡ್ಕೋತೀಯಲ್ಲ?" ಎಂದೆ.

ಲಲಿತ ಫೋನಿನಲ್ಲಿ ಪಂಚಾಂಗ ತೆಗೆದಳು. "ಇವತ್ತು ದಶಮಿ ಕಣೇ ಸ್ಟೆಲ್ಲಾ. ಮುಟ್ಟೋ ಹಾಗಿಲ್ಲ."

"ಇದು ಪೋರ್ಚುಗಲ್ ಕಣೇ!"

"ಇಲ್ಲಿಗೇನು ಚಂದ್ರ ಬೇರೆನಾ?"

ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನದ ಹೊರತು ಸಮುದ್ರ ಮುಟ್ಟಬಾರದೆಂಬುದು ಅವಳ ತವರಿನ ನಿಯಮ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ನನ್ನ ಪಕ್ಕ ಮಂಡಿಯೂರಿ ನನಗಿಂತ ಚೆನ್ನಾಗಿ ಹಿಮ್ಸ್ ಹಾಡುತ್ತಿದ್ದವಳು, ಇದನ್ನು ಮಾತ್ರ ಬಿಟ್ಟಿರಲಿಲ್ಲ. ಈಸ್ಟರಿಗೆ ಮುಂಚಿನ ಲೆಂಟ್ ವ್ರತದ ಶುಕ್ರವಾರಗಳಲ್ಲಿ ಮಾಂಸ ಮುಟ್ಟದ ನಾನು ಯಾವ ಮುಖ ಇಟ್ಟುಕೊಂಡು ವಾದಿಸಲಿ?

ಊಟಕ್ಕೆ ನನಗೆ ಸುಟ್ಟ ಸಾರ್ಡೀನ್ ಮೀನು. ಲಲಿತ ಬ್ರೆಡ್ಡಿಗೆ ಆಲಿವ್ ಎಣ್ಣೆ, ಮನೆಯಿಂದ ತಂದ ಚಟ್ನಿಪುಡಿ ಹಾಕಿಕೊಂಡಳು. ಪೌಲೊ ಒಂದು ಚಿಟಿಕೆ ನೆಕ್ಕಿ, ಕೆಮ್ಮಿ, ಇನ್ನಷ್ಟು ಕೇಳಿದ. ನನಗೆ ನಗು ಬಂತು, ಆದರೆ ಮನಸ್ಸೆಲ್ಲ ಬೀಚಿನ ಮೇಲೇ ಇತ್ತು.

ಗಿಂಶು ಎಂಬ ಆ ಬೀಚು ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. "ಟ್ವೆಂಟಿ ಮಿನಿಟ್ಸ್, ಲೇಡೀಸ್," ಎಂದ ಪೌಲೊ, ರಸ್ತೆಬದಿಯ ವ್ಯಾನು ಬಿಟ್ಟು ಬರುವಂತಿರಲಿಲ್ಲ. ವ್ಯಾನಿನಲ್ಲಿದ್ದ ಗುರುತಿಲ್ಲದವರ ಕೈ ಕೇಳಲು ನನಗೆ ಸಂಕೋಚ. ಲಲಿತ ಒಣ ಮರಳಿನಲ್ಲಿ ನಿಂತಳು. ನಾನು ಚಪ್ಪಲಿ ಬಿಟ್ಟು ಒಬ್ಬಳೇ ನಡೆದೆ.

ಮೊದಲ ಅಲೆ ಪಾದ ಮುಟ್ಟಿತು. ಐಸಿನಂಥ ನೀರು! ಹಿಂದೆ ಸರಿಯುವಾಗ ಅದು ಹಿಮ್ಮಡಿಯಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಮೈ ವಾಲಿತು. ಹೇಗೋ ಸಂಭಾಳಿಸಿಕೊಂಡೆ, ಆದರೆ ಮುಂದೆ ಹೋಗಲೂ ಭಯ, ತಿರುಗಲೂ ಭಯ. ಇಷ್ಟೇ ನನ್ನ ಪಾಲಿಗೆ, ಸಾಕು ಎಂದುಕೊಂಡೆ.

"ಅಲ್ಲಾಡ್ಬೇಡ್ವೇ! ನಿಂತಲ್ಲೇ ನಿಂತ್ಕೋ!"

ಲಲಿತ. ಸಲ್ವಾರನ್ನು ಎತ್ತಿ ಹಿಡಿದು, ಸಾಕ್ಸು ಶೂಗಳ ಸಮೇತ ನೀರಿನೊಳಗೆ ಧಾವಿಸಿ ಬಂದು ನನ್ನ ಮೊಣಕೈ ಹಿಡಿದಳು.

"ಅಯ್ಯೋ, ನಿನ್ನ ದಶಮಿ?"

"ನೀರು ಮುಟ್ಟಿರೋದು ಶೂ. ನಾನಲ್ಲ."

"ಒಳಗೆ ನೀರು ಹೋಗಿಲ್ವಾ?"

"ಅದನ್ನೆಲ್ಲ ಕೇಳ್ಬೇಡ. ನಡಿ, ಇನ್ನೆರಡು ಹೆಜ್ಜೆ."

ನಡೆದೆವು. ಮೊಣಕಾಲಿನವರೆಗೆ ನೀರು ಬಂತು. ನಮ್ಮಿಬ್ಬರ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು. ಕೈಗೆ ಅವಳ ಉಗುರು ಒತ್ತುತ್ತಿತ್ತು, ಬಿಡಿಸಿಕೊಳ್ಳಬೇಕೆನಿಸಲಿಲ್ಲ. ರಸ್ತೆಯಿಂದ ಹಾರ್ನ್ ಕೇಳಿಸಿತು. ತಿರುಗಿ ನೋಡಿದರೆ ಉಳಿದವರೆಲ್ಲ ವ್ಯಾನು ಹತ್ತಿಯಾಗಿತ್ತು.

"ನಡಿಯೇ, ಪೌಲೊ ಬಿಟ್ಟೇ ಹೋಗ್ತಾನೆ," ಎಂದೆ.

ಲಲಿತ ಅತ್ತ ತಿರುಗಲೂ ಇಲ್ಲ.

"ಹಾರ್ನ್ ಹೊಡ್ಕೊಳ್ಳಿ ಬಿಡೇ. ಅಗೋ, ದೊಡ್ಡದೊಂದು ಬರ್ತಿದೆ. ಗಟ್ಟಿಯಾಗಿ ಹಿಡ್ಕೋ!"